ಅಗಲ ಮಾಡಿದಷ್ಟೂ ಕಡಿಮೆ ಹರಡುವ ಲೇಸರ್ ಕಿರಣ

ಲೇಸರ್ ಕಿರಣ ಎಷ್ಟು ದೂರ ಹೋದರೂ ಅಗಲವಾಗುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಕೋಣೆಯ ಆಚೆ ಬದಿಯ ಗೋಡೆಯ ಮೇಲೆ ಬಿದ್ದ ಪುಟ್ಟ ಕೆಂಪು ಚುಕ್ಕೆಯನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಅದೇ ಕಿರಣವನ್ನು ಉದ್ದನೆಯ ಬಯಲಿಗೆ ಬಿಟ್ಟು ನೋಡಿದರೆ ನಂಬಿಕೆ ಉಳಿಯುವುದಿಲ್ಲ. ಪ್ರಯೋಗಾಲಯಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಹೀಲಿಯಂ-ನಿಯಾನ್ ಲೇಸರನ್ನೇ ತೆಗೆದುಕೊಳ್ಳಿ. ಅದರ ಕೆಂಪು ಬೆಳಕಿನ ತರಂಗಾಂತರ 632.8 ನ್ಯಾನೋಮೀಟರ್. ಹೊರಬರುವಾಗ ಕಿರಣದ ವ್ಯಾಸ ಸಾಮಾನ್ಯವಾಗಿ 0.8 ಮಿ.ಮೀ. ಆಸುಪಾಸು. ನೂರು ಮೀಟರ್ ಆಚೆ ಅದೇ ಕಿರಣ ಸುಮಾರು 10 ಸೆಂ.ಮೀ. ಅಗಲವಾಗಿರುತ್ತದೆ, ಒಂದು ಕಿಲೋಮೀಟರ್ ಆಚೆ ಒಂದು ಮೀಟರ್.

ಇದಕ್ಕಿರುವ ಪರಿಹಾರ ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ. ಕಿರಣ ಹರಡಬಾರದು ಎಂದಿದ್ದರೆ, ಹೊರಡುವ ಮೊದಲೇ ಅದನ್ನು ಅಗಲ ಮಾಡಬೇಕು. ಹತ್ತು ಪಟ್ಟು ಅಗಲ ಮಾಡಿ, 8 ಮಿ.ಮೀ. ವ್ಯಾಸದಲ್ಲಿ ಕಳುಹಿಸಿದರೆ ನೂರು ಮೀಟರ್ ಆಚೆ ಅದು ಬರೀ 13 ಮಿ.ಮೀ. ಇರುತ್ತದೆ, ಕಿಲೋಮೀಟರ್ ಆಚೆ 10 ಸೆಂ.ಮೀ. ಈ ಕೆಲಸ ಮಾಡುವ ಸಾಧನಕ್ಕೆ ಬೀಮ್ ಎಕ್ಸ್‌ಪ್ಯಾಂಡರ್ ಎನ್ನುತ್ತಾರೆ. ಒಳಗೆ ಇರುವುದು ಎರಡೇ ಮಸೂರಗಳು. ಆದರೂ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಬೆಳಕು ಅಲೆ ಎಂಬುದನ್ನು ಒಂದು ಕ್ಷಣವೂ ಮರೆಯಬಾರದು.

ಹರಡುವುದು ಏಕೆ?

ಬಂದರಿನ ಕಿರಿದಾದ ಬಾಯಿಯಿಂದ ಒಳಬಂದ ಸಮುದ್ರದ ಅಲೆ ಒಳಗಿನ ನೀರಿನಲ್ಲಿ ಬೀಸಣಿಗೆಯಂತೆ ಹರಡುತ್ತದೆ. ಬಾಯಿ ಅಗಲವಾಗಿದ್ದರೆ ಅಲೆ ಬಹುಮಟ್ಟಿಗೆ ನೇರವಾಗಿಯೇ ಸಾಗುತ್ತದೆ. ಬೆಳಕಿನದೂ ಇದೇ ಕಥೆ. ಭೌತವಿಜ್ಞಾನದಲ್ಲಿ ಇದಕ್ಕೆ ವಿವರ್ತನೆ ಎಂಬ ಹೆಸರಿದೆ. ಅಲೆಯನ್ನು ಎಷ್ಟು ಇಕ್ಕಟ್ಟಿನಲ್ಲಿ ಹಿಡಿದಿಟ್ಟರೆ ಮುಂದೆ ಅದು ಅಷ್ಟೇ ಹೆಚ್ಚು ಹರಡುತ್ತದೆ. ಇದು ಲೇಸರ್ ತಯಾರಿಕೆಯ ದೋಷವಲ್ಲ. ಎಷ್ಟು ಒಳ್ಳೆಯ ಲೇಸರ್ ಕೊಂಡರೂ ತಪ್ಪುವುದಿಲ್ಲ.

ಲೆಕ್ಕ ಸರಳ. ಮಧ್ಯದಲ್ಲಿ ತೀಕ್ಷ್ಣವಾಗಿದ್ದು ಅಂಚಿನತ್ತ ಮೆಲ್ಲಗೆ ಮಂಕಾಗುವ ಆದರ್ಶ ಕಿರಣಕ್ಕೆ, ಹರಡುವ ಪೂರ್ಣ ಕೋನವನ್ನು ಹೀಗೆ ಪಡೆಯಬಹುದು: ತರಂಗಾಂತರವನ್ನು ನಾಲ್ಕರಿಂದ ಗುಣಿಸಿ, ಬಂದದ್ದನ್ನು ಪೈ ಮತ್ತು ಕಿರಣದ ಅತಿ ಕಿರಿದಾದ ವ್ಯಾಸ ಇವೆರಡರ ಗುಣಲಬ್ಧದಿಂದ ಭಾಗಿಸಿ. 0.8 ಮಿ.ಮೀ. ವ್ಯಾಸದ ಕೆಂಪು ಕಿರಣಕ್ಕೆ ಉತ್ತರ ಸುಮಾರು 1 ಮಿಲಿರೇಡಿಯನ್, ಅಂದರೆ ಪ್ರತಿ ಮೀಟರಿಗೆ ಒಂದು ಮಿಲಿಮೀಟರ್. ಈ ಸೂತ್ರದ ತಿರುಳು ಒಂದೇ: ವ್ಯಾಸ ಮತ್ತು ಹರಡುವ ಕೋನ ಇವೆರಡರ ಗುಣಲಬ್ಧ ಬದಲಾಗುವುದಿಲ್ಲ. ಮಸೂರ, ಕನ್ನಡಿ, ಅಶ್ರಗ (ಪ್ರಿಸಂ), ಏನೇ ಇಟ್ಟರೂ ಒಂದನ್ನು ತಗ್ಗಿಸಿದರೆ ಇನ್ನೊಂದು ಏರುತ್ತದೆ. ಎಕ್ಸ್‌ಪ್ಯಾಂಡರ್ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಅಗಲವನ್ನು ಕೊಟ್ಟು ನೇರವನ್ನು ಕೊಳ್ಳುವ ವ್ಯಾಪಾರ ಅದು.

ಈ ವ್ಯಾಪಾರದಲ್ಲಿ ಲಾಭ ಮಾತ್ರ ಚೆನ್ನಾಗಿದೆ. ಕಿರಣ ತನ್ನ ಗಾತ್ರವನ್ನು ಹೆಚ್ಚು ಕಡಿಮೆ ಉಳಿಸಿಕೊಂಡು ಸಾಗುವ ದೂರಕ್ಕೆ ರೇಲೇ ದೂರ ಎನ್ನುತ್ತಾರೆ. ಅತಿ ಕಿರಿದಾದ ಜಾಗದಿಂದ ಹೊರಟ ಕಿರಣದ ವ್ಯಾಸ ಈ ದೂರದ ಕೊನೆಗೆ 1.4 ಪಟ್ಟು ಆಗಿರುತ್ತದೆ. ಈ ದೂರ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 0.8 ಮಿ.ಮೀ. ಕಿರಣಕ್ಕೆ ಅದು ಕೇವಲ 80 ಸೆಂ.ಮೀ.; 8 ಮಿ.ಮೀ. ಕಿರಣಕ್ಕೆ 80 ಮೀಟರ್. ಅಗಲ ಹತ್ತು ಪಟ್ಟು, ದೂರ ನೂರು ಪಟ್ಟು. ತರಂಗಾಂತರ ದೊಡ್ಡದಾದರೆ ಇದೇ ಲೆಕ್ಕ ತಿರುಗಿ ಕಚ್ಚುತ್ತದೆ. ಲೋಹ ಮತ್ತು ಮರ ಕತ್ತರಿಸುವ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಬೆಳಕು 10.6 ಮೈಕ್ರೋಮೀಟರಿನದು. ಅಷ್ಟೇ ವ್ಯಾಸದ ಕೆಂಪು ಕಿರಣಕ್ಕಿಂತ ಅದು ಸುಮಾರು 17 ಪಟ್ಟು ಹೆಚ್ಚು ಹರಡುತ್ತದೆ.

ಎರಡು ಮಸೂರ, ಎರಡು ಮನೆತನ

1609ರಲ್ಲಿ ಗೆಲಿಲಿಯೊ ಆಕಾಶಕ್ಕೆ ತಿರುಗಿಸಿದ ದೂರದರ್ಶಕದಲ್ಲಿ ನಡು ಉಬ್ಬಿದ ಒಂದು ಪೀನ ಮಸೂರ, ನಡು ತಗ್ಗಿದ ಒಂದು ನಿಮ್ನ ಮಸೂರ ಇದ್ದವು. 1611ರಲ್ಲಿ ಕೆಪ್ಲರ್ ಎರಡೂ ಪೀನ ಮಸೂರಗಳೇ ಇರುವ ಇನ್ನೊಂದು ವಿನ್ಯಾಸವನ್ನು ಪ್ರಕಟಿಸಿದ. ಮೊದಲ ಲೇಸರ್ ಬೆಳಗಿದ್ದು 1960ರ ಮೇ ತಿಂಗಳಲ್ಲಿ, ಥಿಯೋಡರ್ ಮೈಮನ್ ಕೈಯಲ್ಲಿ. ಅದಕ್ಕೆ ಮೂರೂವರೆ ಶತಮಾನ ಮೊದಲೇ ಎಕ್ಸ್‌ಪ್ಯಾಂಡರ್ ಸಿದ್ಧವಾಗಿತ್ತು ಎಂದರೆ ತಪ್ಪಲ್ಲ, ಏಕೆಂದರೆ ಅದು ಹಿಂದುಮುಂದಾಗಿ ಇಟ್ಟ ದೂರದರ್ಶಕವೇ. ಆಕಾಶ ನೋಡುವಾಗ ಬೆಳಕು ದೊಡ್ಡ ಮಸೂರದಿಂದ ಒಳಬಂದು ಕಿರಿದಾಗಿ ಕಣ್ಣಿಗೆ ಬರುತ್ತದೆ. ಇಲ್ಲಿ ಲೇಸರ್ ಕಿರಣ ಕಣ್ಣಿನ ಕಡೆಯಿಂದ ಹೊಕ್ಕು ದೊಡ್ಡ ಮಸೂರದಿಂದ ಅಗಲವಾಗಿ ಹೊರಬೀಳುತ್ತದೆ.

ಎಷ್ಟು ಪಟ್ಟು ಅಗಲವಾಗುತ್ತದೆ ಎಂಬುದು ಎರಡು ಮಸೂರಗಳ ಸಂಗಮ ದೂರಗಳ ಅನುಪಾತ. ಸಮಾಂತರವಾಗಿ ಬಂದ ಬೆಳಕನ್ನು ಮಸೂರ ಎಷ್ಟು ದೂರದಲ್ಲಿ ಒಂದು ಬಿಂದುವಾಗಿ ಕೂಡಿಸುತ್ತದೋ ಅದೇ ಅದರ ಸಂಗಮ ದೂರ. ಮೊದಲನೆಯದು 25 ಮಿ.ಮೀ., ಎರಡನೆಯದು 250 ಮಿ.ಮೀ. ಆದರೆ ಹತ್ತು ಪಟ್ಟು. ಕೆಪ್ಲರ್ ಬಗೆಯಲ್ಲಿ ಎರಡೂ ಪೀನವಾದ್ದರಿಂದ ನಡುವಿನ ಅಂತರ ಎರಡರ ಮೊತ್ತ, 275 ಮಿ.ಮೀ. ಗೆಲಿಲಿಯೊ ಬಗೆಯಲ್ಲಿ ಮೊದಲನೆಯದು ನಿಮ್ನ ಮಸೂರವಾದ್ದರಿಂದ ಅಂತರ ಎರಡರ ವ್ಯತ್ಯಾಸ, 225 ಮಿ.ಮೀ. ಉದ್ದದಲ್ಲಿನ ಈ ಉಳಿತಾಯ ಅಂಥ ದೊಡ್ಡ ಮಾತಲ್ಲ. ನಿಜವಾದ ವ್ಯತ್ಯಾಸ ನಡುವಿನ ಜಾಗದಲ್ಲಿ ಏನಾಗುತ್ತದೆ ಎಂಬುದರಲ್ಲಿದೆ.

ಕೆಪ್ಲರ್ ಬಗೆಯಲ್ಲಿ ಕಿರಣ ಮೊದಲು ಒಂದು ಬಿಂದುವಿನಲ್ಲಿ ಕೂಡಿ, ಆಮೇಲೆ ಬಿಚ್ಚಿಕೊಂಡು ಎರಡನೆಯ ಮಸೂರಕ್ಕೆ ಹೋಗುತ್ತದೆ. ಆ ಬಿಂದುವೇ ವರ, ಅದೇ ಶಾಪ. ಶಾಪ ಹೇಗೆಂದರೆ, ಹತ್ತು ನ್ಯಾನೋಸೆಕೆಂಡಿನಲ್ಲಿ ನೂರು ಮಿಲಿಜೌಲ್ ಹೊರಹಾಕುವ ಸ್ಪಂದ ಲೇಸರ್‌ನ ಆ ಕ್ಷಣದ ಸಾಮರ್ಥ್ಯ ಒಂದು ಕೋಟಿ ವ್ಯಾಟ್. ಅದನ್ನೆಲ್ಲ ಕೂದಲಿಗಿಂತ ತೆಳುವಾದ ಜಾಗಕ್ಕೆ ತಂದು ಕೂಡಿಸಿದರೆ ಗಾಳಿಯೇ ಅಯಾನುಗಳಾಗಿ ಒಡೆದು ಚಟ್ ಎಂದು ಕಿಡಿ ಹಾರುತ್ತದೆ, ಕಿರಣ ಕೆಟ್ಟುಹೋಗುತ್ತದೆ. ಇಂಥಲ್ಲಿ ಗೆಲಿಲಿಯೊ ಬಗೆಯೇ ಗತಿ, ಇಲ್ಲವಾದರೆ ನಡುವಿನ ಜಾಗವನ್ನು ನಿರ್ವಾತ ಮಾಡಬೇಕು. ಅಮೆರಿಕದ ಲಿವರ್ಮೋರ್‌ನಲ್ಲಿರುವ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ದೈತ್ಯ ಲೇಸರ್ ಕೇಂದ್ರದ 192 ಕಿರಣಗಳು, ಒಂದೊಂದೂ ಸುಮಾರು 40 ಸೆಂ.ಮೀ. ಚೌಕದವು, ಇಂಥ ನಿರ್ವಾತ ಕೊಳವೆಗಳನ್ನು ಹಾದುಹೋಗುತ್ತವೆ.

ಅಷ್ಟೆಲ್ಲ ಕಷ್ಟಪಟ್ಟು ಬಿಂದುವನ್ನು ಉಳಿಸಿಕೊಳ್ಳುವುದೇಕೆ? ವರ ಇರುವುದು ಅಲ್ಲಿಯೇ. ಲೇಸರ್ ಕಿರಣವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಹತ್ತಿರದಿಂದ ನೋಡಿದರೆ ಅದು ನಯವಾಗಿರುವುದಿಲ್ಲ. ಕನ್ನಡಿಯ ಮೇಲೆ ಕೂತ ಒಂದು ಧೂಳಿನ ಕಣದ ಸುತ್ತ ಉಂಗುರಗಳು, ಮಸೂರದ ಗೀರಿನಿಂದ ಎದ್ದ ಗೆರೆಗಳು, ಅಲ್ಲಲ್ಲಿ ಕಪ್ಪು ಕಲೆ. ಅಗಲ ಮಾಡಿದಾಗ ಈ ಕೊಳೆಯೂ ಜೊತೆಗೇ ಅಗಲವಾಗುತ್ತದೆ. ಆದರೆ ಸಂಗಮ ಬಿಂದುವಿನಲ್ಲಿ ಒಂದು ಅದ್ಭುತ ವಿಂಗಡಣೆ ನಡೆಯುತ್ತದೆ: ನಯವಾದ ಭಾಗ ಸರಿಯಾಗಿ ನಡುವಿಗೆ ಬರುತ್ತದೆ, ಉಂಗುರ, ಗೆರೆಗಳ ಬೆಳಕು ಪಕ್ಕಕ್ಕೆ ಬೀಳುತ್ತದೆ. ಅಲ್ಲೊಂದು ತೆಳು ಲೋಹದ ಹಾಳೆಯ ಸಣ್ಣ ರಂಧ್ರ ಇಟ್ಟರೆ ನಡುವಿನದು ಮಾತ್ರ ಆಚೆ ಹೋಗುತ್ತದೆ. ನಮ್ಮ 0.8 ಮಿ.ಮೀ. ಕಿರಣವನ್ನು 16 ಮಿ.ಮೀ. ಸಂಗಮ ದೂರದ ಸೂಕ್ಷ್ಮದರ್ಶಕ ಮಸೂರದಿಂದ ಕೂಡಿಸಿದರೆ ಬಿಂದುವಿನ ವ್ಯಾಸ ಸುಮಾರು 16 ಮೈಕ್ರೋಮೀಟರ್. ಅದಕ್ಕೆ 25 ಮೈಕ್ರೋಮೀಟರಿನ ರಂಧ್ರ ಒಗ್ಗುತ್ತದೆ. ಆ ರಂಧ್ರವನ್ನು ಕಿರಣದ ದಾರಿಗೆ ತರುವುದು ತಾಳ್ಮೆಯ ಕೆಲಸ. ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂರಬೇಕು. ಮೊದಲು ಏನೂ ಕಾಣುವುದಿಲ್ಲ, ಆಮೇಲೆ ಮಂದವಾದ ಕೆಂಪು ಮಸುಕು, ನಂತರ ಇದ್ದಕ್ಕಿದ್ದಂತೆ ಪರದೆಯ ಮೇಲೆ ಕಲೆಯಿಲ್ಲದ ದುಂಡನೆಯ ಬೆಳಕು. ಹಾಲೋಗ್ರಾಮ್ ಮಾಡುವವರಿಗೆ ಈ ಶುದ್ಧ ಬೆಳಕು ಇಲ್ಲದೆ ಕೈಯೇ ಓಡುವುದಿಲ್ಲ.

ಕಟ್ಟುವಾಗ ನೆನಪಿಡಬೇಕಾದ ಒಂದೆರಡು ಮಾತುಗಳಿವೆ. ಒಂದು ಕಡೆ ಸಪಾಟಾಗಿ ಇನ್ನೊಂದು ಕಡೆ ಉಬ್ಬಿರುವ ಮಸೂರ ಬಳಸುವುದಾದರೆ ಉಬ್ಬಿದ ಮುಖ ಸಮಾಂತರ ಕಿರಣದ (ಹರಡದೆ, ಕೂಡದೆ ನೇರ ಸಾಗುವ ಕಿರಣದ) ಕಡೆಗಿರಬೇಕು. ತಿರುಗಿಸಿ ಇಟ್ಟರೆ ಅಂಚಿನ ಬೆಳಕು ಒಂದು ಕಡೆ, ನಡುವಿನ ಬೆಳಕು ಇನ್ನೊಂದು ಕಡೆ ಕೂಡುತ್ತದೆ. ಗೆಲಿಲಿಯೊ ಬಗೆಯಲ್ಲಿ ನಿಮ್ನ ಮಸೂರದ ಇಂಥ ದೋಷ ಪೀನ ಮಸೂರದ ದೋಷವನ್ನು ಒಂದಷ್ಟು ಕಳೆದುಹಾಕುವುದರಿಂದ ಸರಳ ಮಸೂರಗಳಲ್ಲೂ ಒಳ್ಳೆಯ ಫಲ ಸಿಗುತ್ತದೆ. ಸಿದ್ಧ ಎಕ್ಸ್‌ಪ್ಯಾಂಡರ್‌ಗಳಲ್ಲಿ ಆ ಬಗೆಯದೇ ಮೇಲುಗೈ ಆಗಿರುವುದಕ್ಕೆ ಇದೂ ಕಾರಣ. ದೊಡ್ಡ ಸಾಮರ್ಥ್ಯದ ಲೇಸರ್‌ನಲ್ಲಿ ಮಸೂರದ ಮೇಲ್ಮೈಯಿಂದ ಹಿಂದಕ್ಕೆ ಪ್ರತಿಫಲಿಸುವ ಅಲ್ಪ ಬೆಳಕೂ ಹಗುರವಲ್ಲ. ಕಿರಣದ ಕಡೆಗೆ ತಗ್ಗಿದ ಮೇಲ್ಮೈ ಕನ್ನಡಿಯಂತೆ ಅದನ್ನು ಹಿಂದೆಲ್ಲೋ ಕೂಡಿಸಿ, ಅಲ್ಲಿರುವ ಭಾಗವನ್ನು ಸುಟ್ಟುಹಾಕಬಲ್ಲದು.

ಸಮಾಂತರವಾಯಿತೆಂದು ತಿಳಿಯುವುದು ಹೇಗೆ?

ಎಕ್ಸ್‌ಪ್ಯಾಂಡರ್ ವಿಷಯದಲ್ಲಿ ಜನ ಹೆಚ್ಚು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಅಗಲ ಮಾಡುವುದು ಸುಲಭ. ಸಮಾಂತರ ಮಾಡುವುದು ಸೂಕ್ಷ್ಮ. ಮೇಲಿನ ಹತ್ತು ಪಟ್ಟಿನ ಉದಾಹರಣೆಯಲ್ಲಿ ಎರಡು ಮಸೂರಗಳ ಅಂತರ ಒಂದೇ ಒಂದು ಮಿಲಿಮೀಟರ್ ಹೆಚ್ಚಾಯಿತು ಎನ್ನಿ. ಕಿರಣ ಸಮಾಂತರವಾಗಿ ಹೋಗುವ ಬದಲು ಸುಮಾರು 62 ಮೀಟರ್ ಆಚೆ ಕೂಡುವಂತೆ ಬಾಗುತ್ತದೆ. ಇದರಿಂದ ಹುಟ್ಟುವ ಕೋನ 0.13 ಮಿಲಿರೇಡಿಯನ್, ಅಂದರೆ ವಿವರ್ತನೆಯಿಂದ ತಪ್ಪದೇ ಬರುವ 0.1 ಮಿಲಿರೇಡಿಯನ್‌ಗಿಂತ ಹೆಚ್ಚು. ಹತ್ತು ಪಟ್ಟಿನ ಲಾಭದಲ್ಲಿ ಒಳ್ಳೆಯ ಪಾಲು ಒಂದು ಮಿಲಿಮೀಟರಿನಲ್ಲಿ ಸೋರಿಹೋಗುತ್ತದೆ.

ಎದುರಿನ ಗೋಡೆಯ ಮೇಲೆ ಚುಕ್ಕೆಯನ್ನು ಅಳೆದು ಇದನ್ನು ಕಂಡುಹಿಡಿಯಲಾಗದು. ಐದು ಮೀಟರಿನಲ್ಲಿ ವ್ಯತ್ಯಾಸ ಮಿಲಿಮೀಟರಿಗೂ ಕಡಿಮೆ. ಇದಕ್ಕೆಂದೇ ಒಂದು ಜಾಣ ಗಾಜಿನ ಫಲಕವಿದೆ, ಶಿಯರ್ ಪ್ಲೇಟ್ ಎಂದು ಹೆಸರು. ಅದರ ಎರಡು ಮುಖಗಳು ಪೂರ್ತಿ ಸಮಾಂತರವಲ್ಲ, ಒಂದರತ್ತ ಇನ್ನೊಂದು ತೀರಾ ಸ್ವಲ್ಪ ವಾಲಿದೆ. ಕಿರಣವನ್ನು ಅದರ ಮೇಲೆ 45 ಡಿಗ್ರಿ ಓರೆಯಾಗಿ ಬೀಳಿಸಿದರೆ ಮುಂದಿನ ಮುಖದಿಂದ ಒಂದು, ಹಿಂದಿನ ಮುಖದಿಂದ ಒಂದು, ಹೀಗೆ ಎರಡು ಪ್ರತಿಫಲನಗಳು ತುಸು ಸರಿದು ಒಂದರ ಮೇಲೊಂದು ಬೀಳುತ್ತವೆ. ಎರಡೂ ಸೇರುವ ಕಡೆ ವ್ಯತಿಕರಣದಿಂದ, ಅಂದರೆ ಅಲೆಗಳು ಕೆಲವೆಡೆ ಒಂದನ್ನೊಂದು ಬಲಪಡಿಸಿ ಕೆಲವೆಡೆ ಅಳಿಸುವುದರಿಂದ, ಬೆಳಕು-ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಮೇಲಿನ ಉಜ್ಜಿದ ಗಾಜಿನ ಪರದೆಯ ಮೇಲೆ ಒಂದು ಕಪ್ಪು ಗೆರೆ ಎಳೆದಿರುತ್ತಾರೆ. ಪಟ್ಟೆಗಳು ಆ ಗೆರೆಗೆ ಸಮಾಂತರವಾಗಿದ್ದರೆ ಕಿರಣವೂ ಸಮಾಂತರ. ಕಿರಣ ಹರಡುತ್ತಿದ್ದರೆ ಪಟ್ಟೆಗಳು ಒಂದು ದಿಕ್ಕಿಗೆ ವಾಲುತ್ತವೆ, ಕೂಡುತ್ತಿದ್ದರೆ ವಿರುದ್ಧ ದಿಕ್ಕಿಗೆ. ಮಸೂರಗಳ ಅಂತರವನ್ನು ಬದಲಿಸುವ ಎಕ್ಸ್‌ಪ್ಯಾಂಡರ್‌ನ ಉಂಗುರವನ್ನು ಮೆಲ್ಲಗೆ ತಿರುಗಿಸಿದಂತೆ ಪಟ್ಟೆಗಳೆಲ್ಲ ಒಟ್ಟಾಗಿ ಗಡಿಯಾರದ ಮುಳ್ಳಿನಂತೆ ಹೊರಳಿ ಗೆರೆಗೆ ಬಂದು ಕೂರುವುದು ಕಣ್ಣೆದುರೇ ಕಾಣುತ್ತದೆ. ಪಟ್ಟೆಗಳು ನೇರವಾಗಿರದೆ ಬಳುಕಿದ್ದರೆ ಮಸೂರದಲ್ಲೇ ದೋಷವಿದೆ ಎಂದರ್ಥ. ಇಷ್ಟು ಸರಳವಾದ ಸಾಧನ ಇಷ್ಟು ವಿಷಯ ಹೇಳುವುದು ದೃಗ್ವಿಜ್ಞಾನದಲ್ಲಿ ಅಪರೂಪ.

ಇನ್ನೊಂದು ಸೂಕ್ಷ್ಮ. ಒಂದು ನಿರ್ದಿಷ್ಟ ದೂರದವರೆಗೆ ಕಿರಣ ತೆಳುವಾಗಿರಬೇಕು ಎಂದಾದರೆ ಪೂರ್ತಿ ಸಮಾಂತರವಾಗಿ ಕಳುಹಿಸುವುದು ಅತ್ಯುತ್ತಮ ಆಯ್ಕೆಯಲ್ಲ. ತುಸು ಕೂಡುವಂತೆ ಕಳುಹಿಸಿ, ಅತಿ ಕಿರಿದಾದ ಜಾಗ ದಾರಿಯ ನಟ್ಟನಡುವೆ ಬರುವಂತೆ ಮಾಡಬೇಕು. ನೂರು ಮೀಟರ್ ದಾರಿಗೆ ಕೆಂಪು ಕಿರಣವನ್ನು 9 ಮಿ.ಮೀ. ವ್ಯಾಸದಲ್ಲಿ ಬಿಟ್ಟರೆ ನಡುವೆ ಅದು 6.3 ಮಿ.ಮೀ.ಗೆ ಇಳಿದು, ಕೊನೆಗೆ ಮತ್ತೆ 9 ಮಿ.ಮೀ. ಆಗುತ್ತದೆ. ಆ ದೂರಕ್ಕೆ ಇದಕ್ಕಿಂತ ತೆಳುವಾದ ಕಿರಣವನ್ನು ಪ್ರಕೃತಿ ಒಪ್ಪುವುದಿಲ್ಲ. ಗುರುತ್ವ ತರಂಗಗಳನ್ನು ಪತ್ತೆ ಮಾಡುವ ಲೈಗೋದ 4 ಕಿ.ಮೀ. ಉದ್ದದ ತೋಳುಗಳಲ್ಲಿಯೂ ಕಿರಣ ನಡುವೆ ಕಿರಿದು, ಕೊನೆಯ ಕನ್ನಡಿಗಳ ಮೇಲೆ ಅಗಲ. ಅಲ್ಲಿ ಅದರ ವ್ಯಾಸ ಸುಮಾರು 12 ಸೆಂ.ಮೀ.; ಬರೀ ವಿವರ್ತನೆಯ ಲೆಕ್ಕಕ್ಕೆ ಅಷ್ಟು ಬೇಕಿರಲಿಲ್ಲ. ಕನ್ನಡಿಯ ಲೇಪನದಲ್ಲಿ ಶಾಖದಿಂದಾಗುವ ಅಣುಮಟ್ಟದ ಕಂಪನಗಳು ದೊಡ್ಡ ಪ್ರದೇಶದ ಮೇಲೆ ಸರಾಸರಿಯಾಗಿ ಅಡಗಲಿ ಎಂದು ಬೇಕೆಂದೇ ಹಿಗ್ಗಿಸಿದ್ದಾರೆ.

ಡಯೋಡ್ ಲೇಸರ್ ಎಂಬ ತುಂಟ

ಲೇಸರ್ ಪಾಯಿಂಟರ್, ಮುದ್ರಣ ಯಂತ್ರ, ದೂರ ಅಳೆಯುವ ಸಾಧನ ಇವುಗಳಲ್ಲಿರುವುದು ಅರೆವಾಹಕದ ಡಯೋಡ್ ಲೇಸರ್. ಇಲ್ಲಿ ಬೆಳಕು ಹೊರಬರುವ ಬಾಯಿಯ ಎತ್ತರ ಒಂದು ಮೈಕ್ರೋಮೀಟರಿನ ಆಸುಪಾಸು, ಅಗಲ ಅದರ ಕೆಲವು ಪಟ್ಟು. ಆದ್ದರಿಂದ ಬೆಳಕು ಎತ್ತರದ ದಿಕ್ಕಿನಲ್ಲಿ 30-40 ಡಿಗ್ರಿ ಹರಡಿದರೆ, ಅಡ್ಡ ದಿಕ್ಕಿನಲ್ಲಿ ಸುಮಾರು 10 ಡಿಗ್ರಿ. ಕಿರಣ ಎನ್ನುವುದಕ್ಕಿಂತ ಬೆಳಕಿನ ಬೀಸಣಿಗೆ ಎನ್ನುವುದೇ ಸರಿ. ಇದಕ್ಕೆ ಮೊದಲು ಬೇಕಾದದ್ದು ಎಕ್ಸ್‌ಪ್ಯಾಂಡರ್ ಅಲ್ಲ, ಕಾಲಿಮೇಟರ್: ಸಂಗಮ ಬಿಂದುವಿನಲ್ಲಿ ಡಯೋಡ್ ಇರುವಂತೆ ಇಟ್ಟ ಒಂದೇ ಮಸೂರ.

5 ಮಿ.ಮೀ. ಸಂಗಮ ದೂರದ ಮಸೂರ ಇಟ್ಟರೆ ಸುಮಾರು 3 ಮಿ.ಮೀ. ಎತ್ತರ, 0.9 ಮಿ.ಮೀ. ಅಗಲದ ಅಂಡಾಕಾರದ ಕಿರಣ ಸಿಗುತ್ತದೆ. ಇಲ್ಲೊಂದು ತಮಾಷೆ ಇದೆ. ಅಗಲದ ದಿಕ್ಕಿನಲ್ಲಿ ಅದು ತೆಳುವಾಗಿರುವುದರಿಂದ ಆ ದಿಕ್ಕಿನಲ್ಲೇ ಹೆಚ್ಚು ಹರಡುತ್ತದೆ. ಕೆಲವು ಮೀಟರ್ ಆಚೆ ಹೋದಾಗ ನಿಂತ ಅಂಡಾಕಾರ ಮಲಗಿದ ಅಂಡಾಕಾರವಾಗಿರುತ್ತದೆ. ಪಾಯಿಂಟರ್‌ನ ಚುಕ್ಕೆಯನ್ನು ಹತ್ತಿರದಲ್ಲೂ ದೂರದಲ್ಲೂ ಹೋಲಿಸಿ ನೋಡಿದರೆ ಇದು ಗೊತ್ತಾಗುತ್ತದೆ.

ದುಂಡಗೆ ಬೇಕಿದ್ದರೆ ಒಂದೇ ದಿಕ್ಕಿನಲ್ಲಿ ಹಿಗ್ಗಿಸುವ ಸಾಧನ ಬೇಕು. ಉರುಳೆಯಾಕಾರದ ಮಸೂರಗಳ ಜೋಡಿ ಒಂದು ದಾರಿ, ಎರಡು ಅಶ್ರಗಗಳ ಜೋಡಿ ಇನ್ನೊಂದು. ಓರೆಯಾಗಿ ಅಶ್ರಗಕ್ಕೆ ಬಿದ್ದ ಕಿರಣ ವಕ್ರೀಭವನದಿಂದ ಬಾಗುವಾಗ ಆ ಒಂದು ದಿಕ್ಕಿನಲ್ಲಿ ಮಾತ್ರ ಅಗಲವಾಗುತ್ತದೆ. ಎರಡನೆಯ ಅಶ್ರಗ ಮತ್ತಷ್ಟು ಹಿಗ್ಗಿಸುವುದರ ಜೊತೆಗೆ ಕಿರಣವನ್ನು ಮೊದಲಿನ ದಿಕ್ಕಿಗೇ ತಿರುಗಿಸುತ್ತದೆ, ತುಸು ಪಕ್ಕಕ್ಕೆ ಸರಿದಿರುತ್ತದೆ ಅಷ್ಟೆ.

ಚಿಕ್ಕ ಚುಕ್ಕೆಗಾಗಿ ದೊಡ್ಡ ಕಿರಣ

ಎಕ್ಸ್‌ಪ್ಯಾಂಡರ್ ಎಂದರೆ ದೂರಕ್ಕೆ ಬೆಳಕು ಕಳುಹಿಸಲು ಎಂದುಕೊಂಡರೆ ಅರ್ಧ ಬಳಕೆ ತಪ್ಪಿಹೋಗುತ್ತದೆ. ಕೊರೆಯುವ, ಕೆತ್ತುವ ಯಂತ್ರಗಳಲ್ಲಿ ಕಿರಣವನ್ನು ಕೊನೆಗೆ ಒಂದು ಮಸೂರದಿಂದ ಕೂಡಿಸುತ್ತಾರೆ, ಅದಕ್ಕೆ ಮೊದಲು ಹಿಗ್ಗಿಸುತ್ತಾರೆ. ಮಸೂರಕ್ಕೆ ಬೀಳುವ ಕಿರಣ ಅಗಲವಾದಷ್ಟೂ ಕೂಡುವ ಚುಕ್ಕೆ ಚಿಕ್ಕದು. 1064 ನ್ಯಾನೋಮೀಟರಿನ ಆದರ್ಶ ಕಿರಣ 2 ಮಿ.ಮೀ. ವ್ಯಾಸದಲ್ಲಿ 100 ಮಿ.ಮೀ. ಸಂಗಮ ದೂರದ ಮಸೂರಕ್ಕೆ ಬಿದ್ದರೆ ಚುಕ್ಕೆ ಸುಮಾರು 68 ಮೈಕ್ರೋಮೀಟರ್. ಮೊದಲೇ ಐದು ಪಟ್ಟು ಹಿಗ್ಗಿಸಿದರೆ 13.5 ಮೈಕ್ರೋಮೀಟರ್. ಲೇಸರ್‌ನ ಸಾಮರ್ಥ್ಯ ಅಷ್ಟೇ ಇದ್ದರೂ ಚುಕ್ಕೆಯಲ್ಲಿನ ತೀವ್ರತೆ 25 ಪಟ್ಟು.

ಇದಕ್ಕೂ ಬೆಲೆ ತೆರಬೇಕು. ಚುಕ್ಕೆ ಚೊಕ್ಕವಾಗಿ ಉಳಿಯುವ ಆಳ 6.8 ಮಿ.ಮೀ.ನಿಂದ 0.27 ಮಿ.ಮೀ.ಗೆ ಇಳಿಯುತ್ತದೆ. ತಗಡು ಸ್ವಲ್ಪ ಡೊಂಕಾಗಿದ್ದರೂ ಕೆತ್ತನೆ ಒಂದು ಕಡೆ ತೀಕ್ಷ್ಣ, ಇನ್ನೊಂದು ಕಡೆ ಮಸುಕು. ಹೆಚ್ಚು ಪಟ್ಟಿನ ಎಕ್ಸ್‌ಪ್ಯಾಂಡರ್ ಹಾಕಿದರೆ ಯಂತ್ರ ಉತ್ತಮವಾಗುತ್ತದೆ ಎಂದು ಕಣ್ಣುಮುಚ್ಚಿ ನಂಬುವವರು ಈ ಅಂಕಿಯನ್ನು ನೋಡಬೇಕು. ಜೊತೆಗೆ, ಎಕ್ಸ್‌ಪ್ಯಾಂಡರ್ ಕೆಟ್ಟ ಲೇಸರನ್ನು ಒಳ್ಳೆಯದು ಮಾಡುವುದಿಲ್ಲ. ಆದರ್ಶಕ್ಕಿಂತ ಎರಡು ಪಟ್ಟು ಹರಡುವ ಲೇಸರ್ ಅಗಲವಾದ ಮೇಲೂ ಆ ಅಗಲದ ಆದರ್ಶ ಕಿರಣಕ್ಕಿಂತ ಎರಡು ಪಟ್ಟೇ ಹರಡುತ್ತದೆ. ಮಸೂರದ ಗಾತ್ರದಲ್ಲಿ ಜಿಪುಣತನವೂ ಸಲ್ಲದು: ಕಿರಣದ ವ್ಯಾಸ ಎಂದು ಹೇಳುವ ಅಂಕಿಯ ಆಚೆಗೂ ಬೆಳಕಿರುತ್ತದೆ. ಅಷ್ಟೇ ಅಳತೆಯ ರಂಧ್ರದಲ್ಲಿ 86.5 ಶೇಕಡಾ ಬೆಳಕು ಮಾತ್ರ ಹಾದುಹೋಗುತ್ತದೆ. ಒಂದೂವರೆ ಪಟ್ಟು ದೊಡ್ಡದಾದರೆ ಸುಮಾರು 99 ಶೇಕಡಾ.

ಕನ್ನಡಿಯ ಎಕ್ಸ್‌ಪ್ಯಾಂಡರ್‌ಗಳು

ಕಿರಣ ಮೀಟರುಗಳಷ್ಟು ಅಗಲವಾಗಬೇಕಾದಾಗ ಮಸೂರಗಳು ಕೈಕೊಡುತ್ತವೆ, ಕನ್ನಡಿಗಳು ಬರುತ್ತವೆ. ಚಂದ್ರನ ದೂರವನ್ನು ಅಳೆಯಲು 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಬೆಳಕನ್ನು ಬಂದ ದಾರಿಗೇ ತಿರುಗಿಸುವ ಪ್ರತಿಫಲಕಗಳನ್ನು ಇಟ್ಟುಬಂದರು. ಒಂದು ಮಿಲಿರೇಡಿಯನ್ ಹರಡುವ ಕಿರಣವನ್ನು ನೇರವಾಗಿ ಚಂದ್ರನತ್ತ ಬಿಟ್ಟರೆ ಅಲ್ಲಿ ಅದು 384 ಕಿ.ಮೀ. ಅಗಲವಾಗಿರುತ್ತದೆ, ಪೆಟ್ಟಿಗೆಯಷ್ಟಿರುವ ಪ್ರತಿಫಲಕಕ್ಕೆ ಸಿಗುವುದು ಏನೂ ಇಲ್ಲ ಎನ್ನುವಷ್ಟು. ಆದ್ದರಿಂದ ಇಡೀ ದೂರದರ್ಶಕವನ್ನೇ ಎಕ್ಸ್‌ಪ್ಯಾಂಡರ್ ಮಾಡಿಕೊಳ್ಳುತ್ತಾರೆ. ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಲ್ಲಿ 532 ನ್ಯಾನೋಮೀಟರಿನ ಹಸಿರು ಕಿರಣ 3.5 ಮೀಟರ್ ಕನ್ನಡಿಯನ್ನು ತುಂಬಿಕೊಂಡು ಹೊರಡುತ್ತದೆ. ವಿವರ್ತನೆಯ ಲೆಕ್ಕದಂತೆ ಚಂದ್ರನ ಮೇಲೆ ಅದು ನೂರು ಮೀಟರಿನ ಆಸುಪಾಸಿನಲ್ಲಿರಬೇಕು. ಆಗುವುದು ಸುಮಾರು 2 ಕಿ.ಮೀ. ದಾರಿಯ ಮೊದಲ ಕೆಲವು ಕಿಲೋಮೀಟರಿನಲ್ಲೇ ನಮ್ಮ ವಾತಾವರಣದ ಅಲುಗಾಟ ಕಿರಣವನ್ನು ಕಲಕಿಬಿಡುತ್ತದೆ.

ವಾತಾವರಣದ ಆಚೆಯಿಂದ ಬರುವ ಬೆಳಕಿಗೆ ಈ ತೊಡಕು ಕಡಿಮೆ. ಸೈಕಿ ಎಂಬ ನಾಸಾ ನೌಕೆ 2023ರ ಡಿಸೆಂಬರ್‌ನಲ್ಲಿ ಸುಮಾರು 3.1 ಕೋಟಿ ಕಿ.ಮೀ. ದೂರದಿಂದ 22 ಸೆಂ.ಮೀ. ದೂರದರ್ಶಕದ ಮೂಲಕ ಅವಕೆಂಪು ಲೇಸರ್‌ನಲ್ಲಿ ವಿಡಿಯೊ ಕಳುಹಿಸಿತು. ಅಷ್ಟು ದೂರದಿಂದ ಬಂದರೂ ಭೂಮಿಯ ಬಳಿ ಆ ಕಿರಣದ ಹರವು ನೂರಾರು ಕಿಲೋಮೀಟರ್ ಮಾತ್ರ. ತೀರಾ ಕಿರಿದಾದ ಸ್ಪಂದಗಳ ಲೇಸರ್‌ನಲ್ಲಿಯೂ ಕನ್ನಡಿಗಳೇ ವಾಸಿ, ಏಕೆಂದರೆ ಅಂಥ ಸ್ಪಂದದಲ್ಲಿ ಹಲವು ಬಣ್ಣಗಳಿರುತ್ತವೆ. ಗಾಜು ಒಂದೊಂದನ್ನೂ ಒಂದೊಂದು ಬಗೆಯಲ್ಲಿ ಬಾಗಿಸುತ್ತದೆ, ಕನ್ನಡಿಗೆ ಬಣ್ಣದ ಭೇದವಿಲ್ಲ.

ಕಣ್ಣಿನ ವಿಷಯ

ಅಗಲವಾದ ಕಿರಣ ಮಂದವಾಗಿ ಕಾಣುವುದರಿಂದ ಅದು ನಿರುಪದ್ರವಿ ಎಂದು ಭಾವಿಸುವುದು ಅಪಾಯಕಾರಿ. ಕತ್ತಲೆಯಲ್ಲಿ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ತೆರೆದಿರುತ್ತದೆ. 8 ಮಿ.ಮೀ. ಕಿರಣದ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳಕು ಅದರೊಳಗೆ ಹೋಗುತ್ತದೆ, ಸಮಾಂತರ ಬೆಳಕನ್ನು ಕಣ್ಣು ಅಕ್ಷಿಪಟಲದ ಮೇಲೆ ಅತಿ ಚಿಕ್ಕ ಬಿಂದುವಾಗಿ ಕೂಡಿಸುತ್ತದೆ. ಹಿಗ್ಗಿಸದ ಕಿರಣ ನೂರು ಮೀಟರಿನಲ್ಲಿ 10 ಸೆಂ.ಮೀ.ಗೆ ಚದುರಿ ದುರ್ಬಲವಾಗಿರುತ್ತದೆ. ಹಿಗ್ಗಿಸಿದ್ದು ಅಲ್ಲಿಯೂ 13 ಮಿ.ಮೀ.ನಲ್ಲೇ ಇರುವುದರಿಂದ ಅಪಾಯದ ವಲಯ ಅಷ್ಟು ದೂರಕ್ಕೆ ಚಾಚುತ್ತದೆ. ಬೈನಾಕ್ಯುಲರ್ ಹಿಡಿದು ಅಂಥ ಕಿರಣದ ಮೂಲದತ್ತ ನೋಡುವವರು ಇಡೀ ಕಿರಣವನ್ನು ಬಾಚಿ ಕಣ್ಣಿಗೆ ಹಾಕಿಕೊಂಡಂತೆ. ಇನ್ನು, ಎಕ್ಸ್‌ಪ್ಯಾಂಡರನ್ನು ತಿರುಗಿಸಿ ಜೋಡಿಸಿದರೆ ಅದು ಹತ್ತು ಪಟ್ಟು ಕಿರಿದಾದ, ನೂರು ಪಟ್ಟು ತೀವ್ರವಾದ ಕಿರಣವನ್ನು ಮುಂದಿನ ಕನ್ನಡಿಯ ಮೇಲೆ ಸುರಿಯುತ್ತದೆ. ದೊಡ್ಡ ಲೇಸರ್‌ಗಳನ್ನು ಬಳಸುವ ಕಡೆ ಮೊದಲ ಜೋಡಣೆಯನ್ನು ಲೇಸರ್‌ನ ಸಾಮರ್ಥ್ಯವನ್ನು ಅತಿ ಕಡಿಮೆಗೆ ಇಳಿಸಿ, ಆ ತರಂಗಾಂತರಕ್ಕೆ ತಕ್ಕ ರಕ್ಷಣಾ ಕನ್ನಡಕ ಹಾಕಿಕೊಂಡೇ ಮಾಡುತ್ತಾರೆ. ಕಿರಣ ಎಲ್ಲಿಂದ ಹೊಕ್ಕು ಎಲ್ಲಿಂದ ಹೊರಬರುತ್ತಿದೆ ಎಂದು ಕಾರ್ಡು ಹಿಡಿದು ಖಚಿತಪಡಿಸಿಕೊಂಡ ನಂತರವೇ ಸಾಮರ್ಥ್ಯವನ್ನು ಏರಿಸುತ್ತಾರೆ.